ಇ.ಎನ್.ಟಿ. ವಾರ್ಡು ಹಗುರದ ಡ್ಯೂಟಿಯಲ್ಲ

ಮಾನ್ಯರೇ,

ಆಸ್ಪತ್ರೆಯಲ್ಲಿ ಡ್ಯೂಟಿ ಹಂಚುವಾಗ ಕಿವಿ, ಮೂಗು, ಗಂಟಲಿನ ವಾರ್ಡನ್ನು ಹಗುರದ ವಾರ್ಡು ಎಂದೇ ಲೆಕ್ಕ ಹಿಡಿಯುತ್ತಾರೆ. ಹೊಸ ನರ್ಸುಗಳನ್ನು ಅಲ್ಲಿಗೆ ಹಾಕುತ್ತಾರೆ. ಐಸಿಯುನಲ್ಲಿ ಜನ ಸಾಲದಿದ್ದರೆ ಅಲ್ಲಿಂದಲೇ ಎತ್ತುತ್ತಾರೆ. ಆ ವಾರ್ಡಿನಲ್ಲೇ ವರ್ಷಗಟ್ಟಲೆ ದುಡಿದವಳು ನಾನು. ಈ ಲೆಕ್ಕ ತಪ್ಪು.

ಅಲ್ಲಿನ ರೋಗಿಗಳು ಹೆಚ್ಚಿನವರು ಎದ್ದು ಓಡಾಡಿಕೊಂಡೇ ಇರುತ್ತಾರೆ, ನಿಜ. ಆದರೆ ಕೈಕೊಟ್ಟರೆ ಉಸಿರೇ ಕೈಕೊಡುತ್ತದೆ. ಆಗ ಡಾಕ್ಟರು ಬರುವ ತನಕ ಕಾಯಲು ಸಮಯವಿರುವುದಿಲ್ಲ.

ಟ್ರಾಕಿಯಾಸ್ಟಮಿ, ಅಂದರೆ ಉಸಿರಾಟಕ್ಕೆಂದು ಕತ್ತಿನಲ್ಲಿ ಉಸಿರುನಾಳಕ್ಕೆ ತೂತು ಮಾಡುವ ಆಪರೇಷನ್, ಆದವರನ್ನೇ ನೋಡಿ. ಕತ್ತಿನಲ್ಲಿ ಇಟ್ಟ ಕೊಳವೆಯಿಂದಲೇ ಅವರ ಉಸಿರಾಟ. ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಬಿಡುತ್ತಿತ್ತು. ಈಗ ಒಣಗಾಳಿ ನೇರ ಒಳಗೆ ಹೋಗುತ್ತದೆ. ಕಫ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಹೆಚ್ಚಿನವರಿಗೆ ಕೂಗಿ ಕರೆಯಲೂ ಆಗುವುದಿಲ್ಲ, ದನಿ ಪೆಟ್ಟಿಗೆಗೆ ಗಾಳಿ ತಲುಪಿದರೆ ತಾನೇ ದನಿ? ಹಾಗಾಗಿ ಕೈಗೆಟುಕುವಂತೆ ಒಂದು ಕರೆಗಂಟೆ, ಪೆನ್ನು, ಹಾಳೆ ಇಡುವುದೂ ಚಿಕಿತ್ಸೆಯೇ. ಒಳಕೊಳವೆಯನ್ನು ಆಗಾಗ ತೆಗೆದು ತೊಳೆಯಬೇಕು. ಸಕ್ಷನ್, ಅಂದರೆ ಕಫ ಹೀರಿ ತೆಗೆಯುವುದು, ಒಂದು ಸಲಕ್ಕೆ 10-15 ಸೆಕೆಂಡು ಮೀರಬಾರದು, ಅದೂ ಹೀರುವ ತೆಳು ನಳಿಕೆ (ಕ್ಯಾಥೆಟರ್) ಹೊರಗೆಳೆಯುವಾಗ ಮಾತ್ರ. ಮಂಚದ ಪಕ್ಕದಲ್ಲಿ ಅದೇ ಅಳತೆಯ ಒಂದು, ಅದಕ್ಕಿಂತ ಸಣ್ಣದೊಂದು ಹೆಚ್ಚುವರಿ ಕೊಳವೆ ಇರಲೇಬೇಕು. ಸ್ಟೋರಿನ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಏನು ಬಂತು?

ದನಿ ಪೆಟ್ಟಿಗೆಯನ್ನೇ ಪೂರ್ತಿ ತೆಗೆದವರ ವಿಷಯ ಬೇರೆ. ಅವರ ಮೂಗು, ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇರುವುದಿಲ್ಲ. ಇದು ಗೊತ್ತಿಲ್ಲದ ನರ್ಸು ಗಾಬರಿಯಲ್ಲಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ ನಿಂತರೆ ಒಂದು ಚೂರೂ ಒಳಗೆ ಹೋಗದು. ಕತ್ತಿನ ತೂತಿಗೇ ಕೊಡಬೇಕು.

ಟಾನ್ಸಿಲ್ ಆಪರೇಷನ್ ಆದ ಮಗು ರಾತ್ರಿ ಸುಮ್ಮನೆ ಮಲಗಿರುತ್ತದೆ. ಹತ್ತಿರ ಹೋಗಿ ನೋಡಿದರೆ ನಿದ್ದೆಯಲ್ಲೇ ಮತ್ತೆ ಮತ್ತೆ ನುಂಗುತ್ತಿರುತ್ತದೆ. ಅದು ರಕ್ತ ಇರಬಹುದು. ನಾಡಿ ಎಣಿಸಿ, ಟಾರ್ಚ್ ಹಿಡಿದು ಗಂಟಲು ನೋಡಲೇಬೇಕು. ಬಿಪಿ ಇಳಿಯುವ ತನಕ ಕಾದರೆ ತಡವಾಯಿತೆಂದೇ ಅರ್ಥ. ಮನೆಗೆ ಕಳಿಸುವಾಗಲೂ ಹೇಳಬೇಕಾದ್ದಿದೆ: ಗಂಟಲಲ್ಲಿ ಕಾಣುವ ಬಿಳಿ ಪದರ ಕೀವಲ್ಲ, 5ರಿಂದ 10ನೇ ದಿನದ ಹೊತ್ತಿಗೆ ಮತ್ತೆ ರಕ್ತ ಬರಬಹುದು, ಬಂದರೆ ತಕ್ಷಣ ಬನ್ನಿ ಅಂತ.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವ ಅಭ್ಯಾಸ ಸಮವಸ್ತ್ರ ತೊಟ್ಟವರನ್ನೂ ಬಿಟ್ಟಿಲ್ಲ! ಮುಂದಕ್ಕೆ ಬಾಗಿಸಿ ಕೂರಿಸಬೇಕು, ಮೂಗಿನ ಮೆತ್ತನೆ ಭಾಗವನ್ನು 10-15 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಕಿವಿಗೆ ತಣ್ಣನೆ ಡ್ರಾಪ್ಸ್ ಹಾಕಿದರೆ ತಲೆ ಸುತ್ತುತ್ತದೆ ಎಂಬಂಥ ಸಣ್ಣ ಸಂಗತಿಗಳೂ ಬೇಕಾದಷ್ಟಿವೆ.

ಇದರಲ್ಲಿ ನರ್ಸುಗಳನ್ನು ದೂರಿ ಪ್ರಯೋಜನವಿಲ್ಲ. ಓದುವಾಗ ಇ.ಎನ್.ಟಿ.ಗೆ ಸಿಗುವುದು ನಾಲ್ಕಾರು ಪಾಠ. ಆಮೇಲೆ ಒಂದು ದಿನದ ತರಬೇತಿ, ಒಂದು ಪ್ರಮಾಣಪತ್ರ, ಒಂದು ಗ್ರೂಪ್ ಫೋಟೊ. ಕೈ ಪಳಗುವಷ್ಟರಲ್ಲಿ ಬೇರೆ ವಾರ್ಡಿಗೆ ಎತ್ತಂಗಡಿ. ಕೊಳವೆ ಬದಲಿಸುವುದನ್ನು ಬೊಂಬೆಯ ಮೇಲೆ ಮಾಡಿಸಿ, ಆಮೇಲೆ ಹಿರಿಯರ ಜೊತೆ ನಿಲ್ಲಿಸಿ ಕಲಿಸಬೇಕು. ಕಲಿತವರನ್ನು ಅಲ್ಲೇ ಉಳಿಸಿಕೊಳ್ಳಬೇಕು.

ಇನ್ನೊಂದು ಮಾತು. ಟ್ರಾಕಿಯಾಸ್ಟಮಿ ರೋಗಿಗಳು ಬರೀ ಇ.ಎನ್.ಟಿ. ವಾರ್ಡಿನಲ್ಲಿ ಇರುವುದಿಲ್ಲ, ಐಸಿಯುನಿಂದ ಮೆಡಿಕಲ್ ವಾರ್ಡಿಗೂ ಹೋಗುತ್ತಾರೆ. ಅಂಥ ವಾರ್ಡಿನಲ್ಲಿ ಪ್ರತಿ ಶಿಫ್ಟಿಗೂ, ಮುಖ್ಯವಾಗಿ ರಾತ್ರಿಪಾಳಿಗೆ, ಕಟ್ಟಿಕೊಂಡ ಕೊಳವೆಯನ್ನು ನಿಭಾಯಿಸಬಲ್ಲ ಒಬ್ಬ ನರ್ಸಾದರೂ ಇರಲಿ. ಆಡಳಿತದವರು ಡ್ಯೂಟಿ ಪಟ್ಟಿ ಬರೆಯುವಾಗ ಇದನ್ನು ಮೊದಲು ನೋಡಲಿ.

— ನಿವೃತ್ತ ನರ್ಸ್