ಬಾಯಿಮಾತಿನ ಮೇಲೆ ಅಪೀಲು ಹೋಗಲು ಬರುವುದಿಲ್ಲ, ಮಂಜು

ಕಾರವಾರ

ಚಿರಂಜೀವಿ ಮಂಜುನಿಗೆ ಅತ್ತೆಯ ಆಶೀರ್ವಾದಗಳು.

ಮೊನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಅರಣ್ಯ ಇಲಾಖೆಯವರಿಬ್ಬರು ನಿಮ್ಮ ಮನೆಗೆ ಬಂದರು. ತೋಟದ ಹಿಂದಿನ ಒಂದೂವರೆ ಎಕರೆ ಬಿಡಬೇಕು ಅಂದರು. ಆ ಕಾಡಿನ ಜಾಗ ನಮ್ಮ ಹಕ್ಕಿಗೆ ಬರಲಿ ಅಂತ ನಿನ್ನ ಅಪ್ಪ ಹಾಕಿದ್ದ ಅರಣ್ಯ ಹಕ್ಕಿನ ಅರ್ಜಿ ಯಾವತ್ತೋ ರಿಜೆಕ್ಟ್ ಆಗಿದೆ ಅಂದರು. ನೀನು ತಲೆ ಅಲ್ಲಾಡಿಸಿ, ಚಹಾ ಕೊಟ್ಟು ಕಳಿಸಿದೆ. ಚಹಾ ಕೊಟ್ಟಿದ್ದು ಒಳ್ಳೇದೇ ಆಯ್ತು, ಮನೆಗೆ ಬಂದವರು. ಆದರೆ ಯಾವತ್ತು ರಿಜೆಕ್ಟ್ ಆಯ್ತು, ಯಾಕೆ ಆಯ್ತು, ಯಾರು ಸಹಿ ಹಾಕಿದರು ಅಂತ ಒಂದು ಮಾತು ಕೇಳಬಾರದಿತ್ತಾ? ಅದು ಬಿಟ್ಟು ನನ್ನ ಹತ್ತಿರ, 'ಸಂವಿಧಾನ, ಹಕ್ಕು ಎಲ್ಲ ಪುಸ್ತಕದ ಬದನೆಕಾಯಿ ಅತ್ತೆ' ಅಂದೆ.

ನಾನು ವಕೀಲಳಲ್ಲ. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿದವಳು. ಸಾವಿರಾರು ಆದೇಶ ಈ ಬೆರಳಿನಿಂದ ಹೋಗಿವೆ. ಅದರಲ್ಲಿ ಕಲಿತದ್ದು ಸ್ವಲ್ಪವೇ. ಅದನ್ನೇ ನಿನಗೆ ಬರೆಯುತ್ತಿದ್ದೇನೆ.

ಒಂದು ಮಳೆಗಾಲ. ಮೀನು ಮಾರುವ ಹೆಂಗಸೊಬ್ಬಳು ಕೋರ್ಟಿನ ವರಾಂಡದಲ್ಲಿ ನಿಂತಿದ್ದಳು. ಎಲೆಡಿಕೆ ಚೀಲದಿಂದ ನಾಲ್ಕು ಮಡಿಕೆ ಮಾಡಿದ ನೋಟಿಸು ತೆಗೆದಳು. ಒದ್ದೆಯಾಗಿ ಶಾಯಿ ಹರಡಿತ್ತು, ಬಂಗಡೆ ವಾಸನೆ ಬೇರೆ. ಎರಡು ದಿನದಲ್ಲಿ ಗುಡಿಸಲು ತೆಗೆಯಬೇಕು ಅಂತ ಅದರಲ್ಲಿತ್ತು. ವಕೀಲರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸೀಲಿನ ತಾರೀಖು ಓದಿದರು. ನೋಟಿಸು ಅವಳ ಕೈಗೆ ಸಿಗುವ ಹೊತ್ತಿಗೆ ಆ ಎರಡು ದಿನವೂ ಮುಗಿದಿತ್ತು! ಅವತ್ತು ಸಂಜೆಯೇ ತಡೆ ಸಿಕ್ಕಿತು. ಮೂರು ಕಾರ್ಬನ್ ಇಟ್ಟು ಆ ಆದೇಶ ಹೊಡೆದವಳು ನಾನೇ. ಅವಳ ಪಕ್ಕದ ಗುಡಿಸಲಿನವನಿಗೂ ಅದೇ ಕಷ್ಟ. ಅವನಿಗೆ ಬಾಯಲ್ಲೇ ಹೇಳಿ ಹೋಗಿದ್ದರು, ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಯಾವ ಆದೇಶಕ್ಕೆ ತಡೆ ಕೇಳೋಣ ಅಂತ ವಕೀಲರು ಅವನ ಮುಖ ನೋಡಿದರು.

ನೀನು ಈಗ ಆ ಪಕ್ಕದ ಗುಡಿಸಲಿನವನ ಹಾಗೆ ಕೂತಿದ್ದೀಯ.

ಇಲ್ಲಿ ಸಮುದ್ರದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿದೆ, ಗೊತ್ತಲ್ಲ. ಅವರು ಯುವಕರಾಗಿದ್ದಾಗ ಬಂದದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಆ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಪಾಪ, ಅವರನ್ನು ಯಾರೂ ನೆನೆಯುವುದಿಲ್ಲ. ಆಗಲೂ ಕೋರ್ಟಿತ್ತು, ಕಾನೂನಿತ್ತು, ಕರಿ ಕೋಟೂ ಇತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದವರನ್ನು ಕಾನೂನು ಪ್ರಕಾರವೇ ಜೈಲಿಗೆ ಹಾಕಿದರು. 'ಈ ಕಾನೂನೇ ನನ್ನ ಹಕ್ಕು ಕಿತ್ತುಕೊಳ್ಳುತ್ತದೆ, ರದ್ದು ಮಾಡಿ' ಅಂತ ಕೇಳಲು ಅವರಿಗೆ ಬಾಗಿಲಿರಲಿಲ್ಲ. 1950ರ ಜನವರಿ 26ರ ನಂತರ ಆ ಬಾಗಿಲು ಬಂತು. ಮೂಲಭೂತ ಹಕ್ಕಿಗೆ ಏಟು ಬಿದ್ದರೆ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು. ಇದನ್ನೇ ಅಂಬೇಡ್ಕರ್ ಸಂವಿಧಾನದ ಹೃದಯ, ಆತ್ಮ ಅಂದದ್ದು. ನಮ್ಮಂಥವರಿಗೆ ಹತ್ತಿರ ಇರುವುದು 226ನೇ ವಿಧಿ, ಹೈಕೋರ್ಟಿನ ರಿಟ್, ಅಂದರೆ ನನ್ನ ಹಕ್ಕು ಕಾಪಾಡಿ ಅಂತ ಅಲ್ಲಿ ಹಾಕುವ ಅರ್ಜಿ. ಮೊದಲು ಅದಕ್ಕೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. 2008ರಲ್ಲಿ ಧಾರವಾಡದಲ್ಲಿ ಪೀಠ ಆಯ್ತು, 2013ರಲ್ಲಿ ಅದು ಕಾಯಂ ಆಯ್ತು. ಈಗ ಬೆಳಿಗ್ಗೆ ಮನೆ ಬಿಟ್ಟರೆ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ವಾಪಸು ಬರಬಹುದು.

ಆದರೆ ನೀನು ನಾಳೆಯೇ ಧಾರವಾಡಕ್ಕೆ ಓಡಬೇಡ. ಕಾನೂನಿನಲ್ಲೇ ಮೇಲ್ಮನವಿಗೆ ಜಾಗ ಇದ್ದರೆ, ಮೊದಲು ಅಲ್ಲಿಗೆ ಯಾಕೆ ಹೋಗಲಿಲ್ಲ ಅಂತ ಹೈಕೋರ್ಟು ಕೇಳುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅದಿದೆ. ಗ್ರಾಮಸಭೆ ಬೇಡ ಅಂದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಹೋಗಬೇಕು, ಅಲ್ಲೂ ಆಗದಿದ್ದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ. ನಿನ್ನ ಮಾತು ಕೇಳದೆ ಅವರು ತೀರ್ಮಾನ ಮಾಡುವ ಹಾಗಿಲ್ಲ. ತಿರಸ್ಕರಿಸಿದರೆ ಕಾರಣ ಸಮೇತ ತಿಳಿಸಬೇಕು. ತಿಳಿಸದೇ ಇದ್ದರೆ 60 ದಿನ ಎಲ್ಲಿಂದ ಎಣಿಸುತ್ತೀಯ ಹೇಳು? ಪರಿಶೀಲನೆ ಪೂರ್ತಿ ಮುಗಿಯುವವರೆಗೆ ಆ ಕಾಯಿದೆಯಡಿ ಬರುವವರನ್ನು ಎಬ್ಬಿಸುವ ಹಾಗೂ ಇಲ್ಲ.

2019ರ ಫೆಬ್ರವರಿ ನೆನಪಿದೆಯಾ? 13ನೇ ತಾರೀಖು ಸುಪ್ರೀಂ ಕೋರ್ಟು, ಅರ್ಜಿ ತಿರಸ್ಕಾರ ಆದವರನ್ನು ತೆರವು ಮಾಡಿ ಅಂತ ರಾಜ್ಯಗಳಿಗೆ ಹೇಳಿತು. ಆಗ ನಿನ್ನ ಅಪ್ಪನೂ ಹೀಗೇ ಫೋನ್ ಮಾಡಿ ಗಾಬರಿ ಬಿದ್ದಿದ್ದ. 28ಕ್ಕೆ ಅದೇ ಕೋರ್ಟು ತನ್ನ ಆದೇಶವನ್ನೇ ತಡೆಹಿಡಿಯಿತು. ಅರ್ಜಿಗಳನ್ನು ಹೇಗೆ ತಿರಸ್ಕರಿಸಿದಿರಿ, ಸರಿಯಾದ ಕ್ರಮ ಪಾಲಿಸಿದಿರಾ ಅಂತ ರಾಜ್ಯಗಳನ್ನು ಕೇಳಿತು. ನೀನು ಚಹಾ ಕೊಡುವಾಗ ಕೇಳಬೇಕಿದ್ದದ್ದೂ ಅದನ್ನೇ.

ಕೋರ್ಟಿಗೆ ಹೋದವರೆಲ್ಲ ಗೆಲ್ಲುತ್ತಾರೆ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. 1985ರಲ್ಲಿ ಮುಂಬೈ ಫುಟ್‌ಪಾತಿನ ಜನರ ಕೇಸಿನಲ್ಲಿ, ಬದುಕುವ ಹಕ್ಕು ಅಂದರೆ ಹೊಟ್ಟೆಪಾಡಿನ ಹಕ್ಕೂ ಹೌದು ಅಂತ ಸುಪ್ರೀಂ ಕೋರ್ಟು ಹೇಳಿತು. ಓದಲು ಚೆಂದ. ಕೊನೆಗೆ ಎಬ್ಬಿಸಬಾರದು ಅಂದಿತಾ? ಇಲ್ಲ, ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರವರೆಗೆ ಕಾಯಿರಿ ಅಂದಿತು. ನಮ್ಮ ಕಡೆಯ ಮಳೆ ನೋಡಿದವರಿಗೆ ಅಷ್ಟಾದರೂ ದೊಡ್ಡದೇ, ಆದರೆ ಮನೆ ಹೋದದ್ದು ಹೋಯಿತು.

ಇನ್ನೂ ಕೆಟ್ಟದ್ದೂ ಇದೆ. 1976ರ ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆ ಇಲ್ಲದೆ ಒಳಗೆ ಹಾಕಿದರೂ ಕೋರ್ಟಿಗೆ ಬಂದು ಕೇಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಬರೆದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮಾರನೇ ವರ್ಷ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಇವರು ರಾಜೀನಾಮೆ ಕೊಟ್ಟರು. 2017ರಲ್ಲಿ ಒಂಬತ್ತು ಜನರ ಪೀಠ ಆ ಹಳೇ ತೀರ್ಪು ತಪ್ಪು, ಖನ್ನಾ ಹೇಳಿದ್ದೇ ಸರಿ ಅಂದಿತು. 2017ರ ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ನೋಡಲು ಖನ್ನಾ ಇರಲಿಲ್ಲ. ಅವರು ಬರೆದಿಟ್ಟ ಹಾಳೆಗಳು ಇದ್ದವು.

ಇಷ್ಟೆಲ್ಲ ಹೇಳುವ ನಾನೇನು ಜಾಣೆ ಅಂದುಕೊಳ್ಳಬೇಡ. ನಿವೃತ್ತಿ ಆದಮೇಲೆ ನನ್ನ ಬಾಕಿ ಹಣಕ್ಕೆ ಒಂದು ಕಚೇರಿಗೆ ಏಳು ತಿಂಗಳು ಅಲೆದೆ. ಪ್ರತಿ ಸಲ 'ಫೈಲು ಸಿಗ್ತಾ ಇಲ್ಲ ಅಮ್ಮಾ' ಅನ್ನುತ್ತಿದ್ದರು, ನಾನು ಹೂಂ ಅಂದು ವಾಪಸು ಬರುತ್ತಿದ್ದೆ. ನನ್ನ ಬುದ್ಧಿಗೆ ಅಷ್ಟು ದಿನ ಏನಾಗಿತ್ತೋ! ಕೊನೆಗೆ ಹತ್ತು ರೂಪಾಯಿ ಕಟ್ಟಿ, ನನ್ನ ಫೈಲು ಯಾರ ಮೇಜಿನ ಮೇಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಉತ್ತರಕ್ಕೆ ಅವರಿಗೆ 30 ದಿನ ಗಡುವು. 26ನೇ ದಿನ ಫೈಲು ಸಿಕ್ಕಿತು.

ಈಗ ನಿನ್ನ ಕೆಲಸ. ನಿನ್ನ ಅಪ್ಪನ ಅರ್ಜಿ ಏನಾಯ್ತು, ಆದೇಶದ ಪ್ರತಿ ಕೊಡಿ ಅಂತ ಒಂದು ಪುಟ ಬರೆ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬಾ. ಬೇಡ ಅಂದರೆ ಸ್ಪೀಡ್ ಪೋಸ್ಟ್ ಮಾಡು. ಜಗಳ ಬೇಡ, ಗಾರ್ಡಿನ ಮೇಲೆ ಕೂಗಾಡಬೇಡ, ಅವನೂ ನೌಕರಿ ಮಾಡುವವನು. ಎಲ್ಲದಕ್ಕೂ ನಿನ್ನ ಅಮ್ಮನ ಸಹಿ ಇರಲಿ. ಆ ಹಕ್ಕು ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಬರುವಂಥದ್ದು. ಅಲ್ಲದೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವೆಯಡಿ ವಕೀಲರು ಉಚಿತ. ಶಿರಸಿ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸು. ಯಾರೋ ಏಜೆಂಟ್ ಬಂದು ಪಟ್ಟಾ ಮಾಡಿಸಿಕೊಡ್ತೀನಿ ಅಂದರೆ ಅವನಿಗೆ ಮಾತ್ರ ಚಹಾ ಕೊಡಬೇಡ.

ಕಷ್ಟ ಇರುವುದು ಪುರಾವೆಯಲ್ಲಿ. ನಾವು ಬುಡಕಟ್ಟಿನವರಲ್ಲ, ಹಾಗಾಗಿ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದೆವು ಅಂತ ತೋರಿಸಬೇಕು. ಎಷ್ಟೋ ಅರ್ಜಿ ಬೀಳುವುದು ಇಲ್ಲೇ. 1930ರ ಕಾಗದ ಯಾರ ಮನೆಯಲ್ಲಿದೆ? ಆದರೆ ಇಂಥದ್ದೇ ದಾಖಲೆ ಬೇಕು ಅಂತ ಸಮಿತಿ ಹಟ ಮಾಡುವ ಹಾಗಿಲ್ಲ. ಬಾವಿ, ಕಟ್ಟೆ, ದೇವರ ಬನ ನಡೆಯುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಬರೆಸಿದರೆ ಅದೂ ನಡೆಯುತ್ತದೆ. ನಾನು ಆ ಮನೆಯಲ್ಲಿ ಹುಟ್ಟಿದವಳು, ಎಪ್ಪತ್ತೆರಡು ವರ್ಷ. ಮನೆಯವಳು ಅಂತ ಯಾರಾದರೂ ಮೂಗು ಮುರಿದಾರು, ಅದಕ್ಕೆ ಕೆರೆ ಆಚೆ ಮನೆಯ ಅಜ್ಜನನ್ನೂ ಕೇಳಿಡು. ಅವರಿಗೆ ಮಧ್ಯಾಹ್ನದ ಮೇಲೆ ಕಿವಿ ಕೇಳಿಸುವುದು ಕಡಿಮೆ, ಬೆಳಿಗ್ಗೆ ಹೋಗು.

ಆಮೇಲೆ ಆ ಬಾವಿ. ನನ್ನ ಅಜ್ಜ ಕಟ್ಟಿಸಿದ್ದು. ಒಳಗಿನ ಮೆಟ್ಟಿಲ ಹತ್ತಿರದ ಕಲ್ಲಿನಲ್ಲಿ ಇಸವಿ ಕೆತ್ತಿದೆ, ನೀನು ನೋಡಿರಲಿಕ್ಕಿಲ್ಲ. 192 ಅಂತ ಓದಲು ಬರುತ್ತದೆ, ಕೊನೆಯ ಅಂಕಿ ಇಲ್ಲ. ಅದು ನಿನ್ನ ಅಪ್ಪನ ಕೆಲಸ, ಚಿಕ್ಕವನಿದ್ದಾಗ ಅದರ ಮೇಲೇ ಕತ್ತಿ ಮಸೆಯುತ್ತಿದ್ದ. ಅಜ್ಜನಿಂದ ಎಷ್ಟು ಬೈಸಿಕೊಂಡರೂ ಬಿಡಲಿಲ್ಲ. ಇರಲಿ, ನಮಗೆ ಬೇಕಾದ ಅಂಕಿ ಉಳಿದಿದೆ.

ಗುರುವಾರ ಬೆಳಗಿನ ಬಸ್ಸಿಗೆ ಕುಮಟಾ ಮೇಲೆ ಬರುತ್ತೇನೆ. ದೇವಿಮನೆ ಘಾಟಿಯಲ್ಲಿ ತಡವಾದರೂ ಊಟದ ಹೊತ್ತಿಗೆ ಸೇರಿಯೇನು. ಅಷ್ಟರಲ್ಲಿ ಕಲ್ಲಿನ ಪಾಚಿ ತೆಗೆದಿಡು. ತೆಂಗಿನ ಸಿಪ್ಪೆಯಿಂದ ಮೆಲ್ಲಗೆ ಉಜ್ಜು, ಕತ್ತಿ ಗಿತ್ತಿ ತಾಗಿಸಬೇಡ. ಉಜ್ಜುವ ಮೊದಲೊಂದು, ಆಮೇಲೊಂದು ಫೋಟೋ ಹೊಡೆ.

ನಿನ್ನ ಅತ್ತೆ