ಮದರಸಾದಲ್ಲಿ ಮೊಬೈಲ್ ನಡತೆಯ ಪಾಠವೂ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಭಟ್ಕಳ, ಕಾರವಾರದ ಮದರಸಾಗಳಲ್ಲಿ ಮಕ್ಕಳಿಗೆ ಮೊಬೈಲ್ ಬಳಸುವ ರೀತಿನೀತಿಯನ್ನೂ ಕಲಿಸಬೇಕು. ಕುರ್‌ಆನ್‌ನ 49ನೇ ಅಧ್ಯಾಯ ಅಲ್ ಹುಜುರಾತ್‌ನಲ್ಲೇ ಇದಕ್ಕೆ ಬೇಕಾದ ಪಾಠವಿದೆ. ನಂಬಲಾಗದವನು ಸುದ್ದಿ ತಂದರೆ ಮೊದಲು ಪರಿಶೀಲಿಸಿ ಎನ್ನುತ್ತದೆ 6ನೇ ವಚನ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು 12ನೇ ವಚನ ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸುತ್ತದೆ. ಎಷ್ಟು ಕಠಿಣ ಮಾತು! ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ಸುಮ್ನೆ ಫಾರ್ವರ್ಡ್ ಮಾಡುವುದು, ಗೆಳೆಯನನ್ನು ಗ್ರೂಪ್‌ನಲ್ಲಿ ಗೇಲಿ ಮಾಡುವುದು ಕೂಡ ಅದೇ ತಪ್ಪು ಎಂದು ಮಕ್ಕಳಿಗೆ ಬಿಡಿಸಿ ಹೇಳಬೇಕಲ್ವಾ? ಮನೆಯವರಿಗಿಂತ ಮದರಸಾದಲ್ಲಿ ಕಲಿಸುವ ಉಸ್ತಾದರ ಮಾತಿಗೆ ಬೆಲೆ ಜಾಸ್ತಿ. ಊರಿನ ಮಸೀದಿಗಳನ್ನು ನೋಡಿಕೊಳ್ಳುವ ಜಮಾಅತ್‌ಗಳು ವಾರಕ್ಕೆ ಅರ್ಧ ಗಂಟೆ ಇದಕ್ಕೆ ಮೀಸಲಿಡಲಿ, ತಂದೆ ತಾಯಿಯರನ್ನೂ ಜೊತೆಗೆ ಕೂರಿಸಿಕೊಳ್ಳಲಿ.

– ಓದುಗ, ಭಟ್ಕಳ