ಎಸರಲ್ಲಿ ಅದ್ದಿದ ಬನ್ನು

ಶಿಕಾಗೋ
ನವೆಂಬರ್, ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಹೋದ ವಾರ ಫೋನಿನಲ್ಲಿ ಅವ್ವ, "ಅಲ್ಲಿ ಏನ್ಲಾ ಉಣ್ತೀಯೆ, ಬರೀ ಬನ್ನು ತಿನ್ಕೊಂಡು ಇದ್ದೀಯಾ?" ಅಂತ ಕೇಳಿದಳು. ಹೂಂ, ಬನ್ನೇ ಅಂದೆ. ಆ ಬನ್ನಿನ ಒಳಗೆ ಏನಿತ್ತು ಅಂತ ಹೇಳೋ ಅಷ್ಟರಲ್ಲಿ ತ್ರೀ ಫೇಸ್ ಬಂತು ಅಂತ ಮೋಟ್ರು ಹಾಕೋಕೆ ಎದ್ದು ಹೋದಳು. ಅದಕ್ಕೇ ಬರೀತಿದ್ದೀನಿ. ಸಂಜೆ ಅವಳು ಜಗಲಿ ಮೇಲೆ ಕೂತಾಗ ಓದಿ ಹೇಳು. ಒಳಗೆ ಕೂತು ಓದು ಅಂತ ಬರೆಯೋಕೆ ಹೋಗಿದ್ದೆ, ಯಾಕಂದರೆ ಇದು ದೊಡ್ಡಬಾಡಿನ ವಿಷಯ. ಬೇಡ, ಜಗಲಿ ಮೇಲೇ ಓದು.

ಇದಕ್ಕೆ ಇಲ್ಲಿ ಇಟಾಲಿಯನ್ ಬೀಫ್ ಅಂತಾರೆ. ಹೆಸರಲ್ಲಿ ಇಟಲಿ ಇದ್ದರೂ ಹುಟ್ಟಿದ್ದು ಶಿಕಾಗೋದಲ್ಲೇ. ದನದ ಬಾಡನ್ನ ನಿಧಾನಕ್ಕೆ ಬೇಯಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದು, ಅದರದೇ ಎಸರಲ್ಲಿ ಮುಳುಗಿಸಿ, ಉದ್ದನೆ ಬ್ರೆಡ್ಡಿನ ಹೊಟ್ಟೆ ಸೀಳಿ ತುಂಬಿ ಕೊಡ್ತಾರೆ. ಅಂಗಡಿಯಲ್ಲಿ ಕೇಳೋದಕ್ಕೂ ಒಂದು ಭಾಷೆ ಇದೆ. ಡ್ರೈ ಅಂದರೆ ಎಸರು ಸೋರಿಸಿದ್ದು. ವೆಟ್ ಅಂದರೆ ಮೇಲೊಂದು ಸೌಟು ಎಸರು. ಡಿಪ್ಡ್ ಅಂದರೆ, ಅಂಗಡಿಯವನು ಇಡೀ ಬ್ರೆಡ್ಡನ್ನ ಇಕ್ಕಳದಲ್ಲಿ ಹಿಡಿದು ಎಸರಿನ ಪಾತ್ರೆಗೆ ಮುಳುಗಿಸಿ ಎತ್ತಿ, ತೊಟ್ಟಿಕ್ಕುತ್ತಾ ಇರುವಾಗಲೇ ಕಾಗದದಲ್ಲಿ ಸುತ್ತಿ ಕೊಡ್ತಾನೆ. ಹಾಟ್ ಅಂದರೆ ಮೇಲೆ ಖಾರದ ಉಪ್ಪಿನಕಾಯಿ, ಸ್ವೀಟ್ ಅಂದರೆ ಸುಟ್ಟ ದಪ್ಪ ಮೆಣಸಿನಕಾಯಿ. ನಾನು ಮೊದಲ ದಿನ ಇದು ಯಾವುದೂ ಗೊತ್ತಿಲ್ಲದೆ ಬರೀ "ಬೀಫ್" ಅಂದು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಹಿಂದೆ ಇದ್ದ ಮುದುಕ ನನ್ನ ಪರವಾಗಿ "ಡಿಪ್ಡ್, ಹಾಟ್" ಅಂದ. ಅವತ್ತಿಂದ ನನ್ನದು ಅದೇ.

ತಿನ್ನೋ ಭಂಗಿ ನೋಡಬೇಕು ನೀನು. ಕುರ್ಚಿ ಇಲ್ಲ. ಎದೆಮಟ್ಟದ ಕಟ್ಟೆಗೆ ಎರಡೂ ಮೊಣಕೈ ಊರಿ, ಕಾಲು ಎರಡು ಹೆಜ್ಜೆ ಹಿಂದೆ ಇಟ್ಟು, ಗೋಡೆ ತಳ್ಳೋರ ಹಾಗೆ ಬಗ್ಗಿ ನಿಂತು ತಿಂತಾರೆ, ಎಸರು ಬಟ್ಟೆ ಮೇಲೆ ಬೀಳಬಾರದು ಅಂತ. ನನ್ನ ಪಕ್ಕ ಒಬ್ಬ ಕೋಟು ಹಾಕಿದವನು ಟೈಯನ್ನ ಹೆಗಲ ಮೇಲಿಂದ ಬೆನ್ನಿಗೆ ಎಸೆದುಕೊಂಡು, ಮೊಣಕೈವರೆಗೆ ಎಸರು ಸುರಿಸಿಕೊಂಡು ತಿಂತಿದ್ದ. ನಮ್ಮ ದೊಡ್ಡಪ್ಪ ಪಂಕ್ತಿಯಲ್ಲಿ ಕೂತು ಮುದ್ದೆಗೆ ಹಳ್ಳ ಮಾಡಿ ಎಸರು ಬಿಡಿಸಿಕೊಂಡು, ಅದು ಎಲೆ ದಾಟಿ ಪಂಚೆಗೆ ಹರಿಯೋ ಮುಂಚೆ ಬಾಚಿ ಬಾಚಿ ನುಂಗೋದು ನೆನಪಾಗಿ ನಗು ತಡೆಯಲಿಲ್ಲ.

ಇದರ ಹಿಂದಿನ ಕತೆ ಅವ್ವನಿಗೆ ಚೆನ್ನಾಗಿ ಅರ್ಥ ಆಗುತ್ತೆ. ಈ ಊರಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಅಂತ ಒಂದು ಇತ್ತು. 1865ರಲ್ಲಿ ಶುರುವಾಗಿ 1971ರಲ್ಲಿ ಮುಚ್ಚಿತು. ಅಮೆರಿಕದ ನಾನಾ ಕಡೆಯಿಂದ ರೈಲಿನಲ್ಲಿ ದನ, ಹಂದಿ, ಕುರಿ ಬಂದು ಬೀಳ್ತಿದ್ದ ಜಾಗ. ಈಗ ಉಳಿದಿರೋದು ಒಂದು ಕಲ್ಲಿನ ಹೆಬ್ಬಾಗಿಲು ಮಾತ್ರ, ಅದರ ನೆತ್ತಿಯಲ್ಲಿ ಒಂದು ಎತ್ತಿನ ತಲೆ ಕೆತ್ತಿದ್ದಾರೆ. ಒಂದು ಶನಿವಾರ ಹೋಗಿ ನೋಡಿ ಬಂದೆ. ಆಚೀಚೆ ಬರೀ ಗೋದಾಮು, ಲಾರಿ. ಅಂಥ ಊರಲ್ಲಿದ್ದ ಇಟಲಿಯ ಬಡವರ ಮನೆಗೆ ಬರ್ತಿದ್ದದ್ದು ಒಳ್ಳೆ ಬಾಡಲ್ಲ. ಯಾರಿಗೂ ಬೇಡದ, ಜಗಿದರೆ ದವಡೆ ನೋಯೋ ತೊಡೆ, ಹಿಂಭಾಗದ ಬಾಡು. ಅದನ್ನ ಹೊತ್ತುಗಟ್ಟಲೆ ಬೇಯಿಸಿ, ತೆಳ್ಳಗೆ ಕೊಯ್ದು ಮೆತ್ತಗೆ ಮಾಡಿಕೊಂಡರು. ಅವರ ಮದುವೆಗಳಿಗೆ ಕಡಲೆಕಾಯಿ ಮದುವೆ ಅಂತಲೇ ಹೆಸರಿತ್ತು. ಛತ್ರ ಹಿಡಿಯೋಕೆ ದುಡ್ಡಿಲ್ಲದೆ ಮನೆಯಲ್ಲೋ ಚರ್ಚಿನ ನೆಲಮಾಳಿಗೆಯಲ್ಲೋ ನಡೆದ, ನೆಂಟರ ಮುಂದೆ ಕಡಲೆಕಾಯಿ ಸುರಿದ ಮದುವೆಗಳು. ಅಲ್ಲಿ ಇದ್ದಷ್ಟು ಬಾಡು ಬಂದಷ್ಟು ಜನಕ್ಕೆ ಸಾಲಬೇಕು. ಹಾಗಾಗಿ ಕತ್ತಿ ತೆಳ್ಳಗಾಯಿತು, ಎಸರು ಜಾಸ್ತಿಯಾಯಿತು.

ಅಕ್ಕಾ, ನಿನ್ನ ಶಾಸ್ತ್ರದ ಹಿಂದಿನ ರಾತ್ರಿ ನೆನಪಿದೆಯಾ? ಹೇಳದೆ ಕೇಳದೆ ಒಂದು ಟೆಂಪೋ ನೆಂಟರು ಬಂದಿಳಿದರು. ಮನೇಲಿ ಇದ್ದದ್ದು ಎರಡು ಕೇಜಿ. ಅವ್ವ ಒಂದು ಮಾತೂ ಆಡದೆ ಈಳಿಗೆಮಣೆ ಎಳೆದುಕೊಂಡು, ಅದರ ಮೇಲೆ ಕಾಲಿಟ್ಟು ಕೂತು, ಆಗಲೇ ಕೊಯ್ದಿಟ್ಟಿದ್ದ ಒಂದೊಂದು ಹೋಳನ್ನ ಮತ್ತೆ ಮೂರು ಮೂರು ಮಾಡಿದಳು. ನಾರಿಗೆ ಅಡ್ಡಲಾಗಿ. ನೀನು ಮಸಾಲೆ ಅರೀತಿದ್ದೆ, ನಾನು ಬುಡ್ಡಿ ಹಿಡಿದಿದ್ದೆ. "ಎಲ್ಲರ ತಟ್ಟೆಗೂ ನಾಕು ಹೋಳು ಬಿದ್ರೆ ಆಯ್ತು, ಮಿಕ್ಕಿದ್ದು ಎಸ್ರು ನೋಡ್ಕತದೆ" ಅಂದಿದ್ದಳು. ಇಲ್ಲಿ 1938ರಲ್ಲಿ ಶುರುವಾದ ಅಲ್ಸ್ ಅನ್ನೋ ಬೀಫ್ ಅಂಗಡಿ ಈಗಲೂ ಟೇಲರ್ ಬೀದಿಯಲ್ಲಿದೆ, ಇಡೀ ಊರಿಗೆ ಹೆಸರುವಾಸಿ. ಅಲ್ಲಿ ಕೊಯ್ಯೋ ಮೆಷೀನಿನಿಂದ ಎಲೆ ಎಲೆಯಾಗಿ ಬಾಡು ಬೀಳೋದನ್ನ ನೋಡ್ತಾ ನಿಂತಾಗೆಲ್ಲ ನನಗೆ ಕಾಣೋದು ಅವ್ವನ ಹೆಬ್ಬೆರಳು.

ನಾನು ಓದ್ತಿರೋ ಯೂನಿವರ್ಸಿಟಿಯೂ ಆ ಬೀದಿಗೆ ಅಂಟಿಕೊಂಡೇ ಇದೆ. 1965ರಲ್ಲಿ ಈ ಕ್ಯಾಂಪಸ್ ತೆರೆಯೋದಕ್ಕೆ ಅಲ್ಲಿದ್ದ ಇಟಲಿಯವರ, ಗ್ರೀಕರ ಎಷ್ಟೋ ಮನೆ ಕೆಡವಿದರು. ನಮ್ಮ ಲ್ಯಾಬ್ ಇರೋ ಜಾಗದಲ್ಲೂ ಯಾರದೋ ಒಲೆ ಇದ್ದಿರಬಹುದು.

ಸರಿ, ಮನೇಲಿ ಮಾಡಿದ ವಿಷಯಕ್ಕೆ ಬರ್ತೀನಿ. ಮೊದಲ ಸಲ ಕೆಟ್ಟುಹೋಯಿತು. ತೊಡೆ ಬಾಡು ತಂದು, ನಮ್ಮ ಅಭ್ಯಾಸದಂತೆ ಕುಕ್ಕರಿಗೆ ಹಾಕಿ ಎಂಟು ವಿಷಲ್ ಕೂಗಿಸಿದೆ. ತೆಗೆದರೆ ತೆಂಗಿನ ನಾರು! ಎಸರಲ್ಲಿ ಮುಳುಗಿದ್ದರೂ ಒಳಗೆ ಒಣಕಲು. ತಪ್ಪು ಕುಕ್ಕರಿನದಲ್ಲ, ನನ್ನದೇ. ತೊಡೆಯಲ್ಲಿ ಕೊಬ್ಬೂ ಕಡಿಮೆ, ನಾರನ್ನ ಕಟ್ಟಿಹಿಡಿಯೋ ಅಂಟೂ ಕಡಿಮೆ. ಜಾಸ್ತಿ ಬೇಯಿಸಿದಷ್ಟೂ ನಾರು ಮುದುಡಿ ಇದ್ದಬದ್ದ ನೀರನ್ನೆಲ್ಲ ಹಿಂಡಿ ಹೊರಗೆ ಹಾಕುತ್ತೆ. ಭುಜದ ಬಾಡಿನ ಲೆಕ್ಕ ಬೇರೆ. ಅದರ ತುಂಬ ಅಂಟು. ಮೂರು ನಾಲ್ಕು ಗಂಟೆ ಸಣ್ಣ ಶಾಖದಲ್ಲಿ ಇಟ್ಟರೆ ಆ ಅಂಟು ಕರಗಿ ಲೋಳೆಯಾಗಿ, ಬಾಡು ಬೆರಳಲ್ಲೇ ಬಿಡಿಸಿಕೊಳ್ಳುತ್ತೆ. ಇಲ್ಲಿ ಮನೆಗಳಲ್ಲಿ ಸುಮಾರು ಜನ ಹಾಗೇ ಮಾಡ್ತಾರೆ. ಅವ್ವನ ಹಲ್ಲಿಗೂ ಅದೇ ಸರಿ. ಆದರೆ ನನಗೆ ಎಲೆ ಎಲೆಯಾಗಿ ಬರೋದೇ ಬೇಕಿತ್ತು, ಹಟ.

ಎರಡನೇ ಸಲಕ್ಕೆ ಎರಡು ದಿನ ತಗೊಂಡೆ. ಶುಕ್ರವಾರ ರಾತ್ರಿ ಒಂದು ಕೇಜಿ ಕಾಲಿನ ಮೂಳೆ ಹಾಕಿ, ನೊರೆ ತೆಗೀತಾ ತೆಗೀತಾ ನಾಲ್ಕು ಗಂಟೆ ಎಸರು ಕಾಯಿಸಿದೆ. ಶನಿವಾರ ಒಂದೂವರೆ ಕೇಜಿ ತೊಡೆ ಬಾಡಿನ ಒಂದೇ ಮುದ್ದೆಗೆ ಉಪ್ಪು, ಕುಟ್ಟಿದ ಕರಿಮೆಣಸು, ಬೆಳ್ಳುಳ್ಳಿ, ಸೋಂಪು, ಒಣ ಮೆಣಸಿನ ತರಿ, ಒರೆಗಾನೊ ಅನ್ನೋ ಒಣ ಸೊಪ್ಪು ತಿಕ್ಕಿದೆ. ಒರೆಗಾನೊ ಅಂದರೆ ಗಾಬರಿ ಆಗಬೇಡ. ಉಜ್ಜಿ ಮೂಸಿದರೆ ಥೇಟ್ ನಮ್ಮ ಹಿತ್ತಿಲ ದೊಡ್ಡಪತ್ರೆ. ತಟ್ಟೆಯಲ್ಲಿ ಎಸರು ಹುಯ್ದು, ಮೇಲೆ ಜಾಲರಿ ಇಟ್ಟು, ಜಾಲರಿ ಮೇಲೆ ಬಾಡು ಇಟ್ಟು 120 ಡಿಗ್ರಿ ಒವನ್ನಿಗೆ ತಳ್ಳಿದೆ. ಬಾಡಿಂದ ತೊಟ್ಟಿಕ್ಕಿದ್ದೆಲ್ಲ ಕೆಳಗಿನ ಎಸರಿಗೇ ಬೀಳಬೇಕು, ರುಚಿಯ ಗುಟ್ಟು ಅದು. ಲ್ಯಾಬಿನವನಲ್ಲವೇ, ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿ ಕೂತಿದ್ದೆ. ಎರಡೂವರೆ ಗಂಟೆಗೆ 57 ಡಿಗ್ರಿ ತೋರಿಸಿತು, ತೆಗೆದೆ. ಒಳಗೆ ಇನ್ನೂ ನಸುಗೆಂಪು. ಅವ್ವ ನೋಡಿದ್ದರೆ "ಹಸಿ ಬಾಡು ತಿಂತೀಯೇನ್ಲಾ, ಹುಲಿ ಮಗನೆ" ಅಂತ ಬೆನ್ನಿಗೆ ಹೊಡೆದಿರೋಳು. ಅವಳಿಗೆ ಹೇಳು, ಕೊನೆಗೆ ಕಾದ ಎಸರಲ್ಲಿ ಅದ್ದಿದಾಗ ಬಣ್ಣ ತಿರುಗುತ್ತೆ ಅಂತ.

ಬಾಡು, ಸೋಸಿದ ಎಸರು ಎರಡನ್ನೂ ರಾತ್ರಿ ಫ್ರಿಡ್ಜಿನಲ್ಲಿ ಇಟ್ಟೆ. ಬೆಳಿಗ್ಗೆ ಎಸರಿನ ಮೇಲೆ ಕೊಬ್ಬು ಬೆಳ್ಳಗೆ ಹಪ್ಪಳದ ಹಾಗೆ ಕಟ್ಟಿತ್ತು, ಅದನ್ನ ಎತ್ತಿ ಪಕ್ಕಕ್ಕಿಟ್ಟೆ. ಕೆಳಗಿನ ಎಸರು ಕಾಲು ಸೂಪು ಆರಿದಾಗ ಆಗುತ್ತಲ್ಲ, ಹಾಗೆ ಗಡಗಡ ನಡುಗುತ್ತಿತ್ತು. ಮೂಳೆಯ ಕೆಲಸ. ಬಾಡನ್ನ ಒಂದು ಗಂಟೆ ಫ್ರೀಜರಿಗೆ ಹಾಕಿ ಗಟ್ಟಿ ಮಾಡಿಕೊಂಡು ಕೊಯ್ಯೋಕೆ ಕೂತೆ. ಇಲ್ಲೇ ನಾನು ಸೋತದ್ದು. ಇಲ್ಲಿಯ ಚಾಕುವಿನಲ್ಲಿ ಕೈ ಕೆಳಗೆ ಒತ್ತಬೇಕು. ಅವ್ವನ ಮಣೆಯಲ್ಲಿ ಅಲಗು ನಿಂತಿರುತ್ತೆ, ಬಾಡನ್ನೇ ಅದರ ಮೇಲೆ ಜಾರಿಸಬೇಕು. ನನಗೆ ಆ ಕೈಯೇ ಇರೋದು. ಮೊದಲ ಹತ್ತು ಹೋಳು ಚಪ್ಪಲಿ ಅಟ್ಟೆಯಂತೆ ಬಂದವು. ಆಮೇಲೆ ಸ್ವಲ್ಪ ಪಳಗಿತು. ಬೆಳಕಿಗೆ ಹಿಡಿದರೆ ಆಚೆ ಕಿಟಕಿಯ ಸರಳು ಕಾಣೋವಂಥ ಹೋಳು ಎಣಿಸಿ ನಾಲ್ಕು ಸಿಕ್ಕವು.

ಎಸರನ್ನ ಕುದಿ ಬರೋ ಮುಂಚಿನ ಹದದಲ್ಲಿ ಇಟ್ಟು, ಹೋಳುಗಳನ್ನ ಒಳಗೆ ಬಿಟ್ಟು, ಅರ್ಧ ನಿಮಿಷಕ್ಕೆ ಎತ್ತಬೇಕು. ಮಾತಾಡ್ತಾ ಮರೆತರೆ ಮತ್ತೆ ತೆಂಗಿನ ನಾರೇ. ಬ್ರೆಡ್ಡೂ ಮುಖ್ಯ. ನಮ್ಮ ಬೇಕರಿ ಬನ್ನು ಎಸರಿಗೆ ಬಿದ್ದರೆ ಅಂಬಲಿಯಾಗುತ್ತೆ. ಇಲ್ಲಿ ಗೊನೆಲ್ಲಾ, ಟುರಾನೊ ಅಂತ ಹಳೇ ಬೇಕರಿಗಳ ಉದ್ದನೆ ಬ್ರೆಡ್ಡು ಬರುತ್ತೆ, ಸಿಪ್ಪೆ ಗಟ್ಟಿ, ಎಸರು ಕುಡಿದೂ ಕೈಯಲ್ಲಿ ನಿಲ್ಲುತ್ತೆ. ಮೇಲೆ ಜಾರ್ಡಿನೇರಾ. ಹಸಿಮೆಣಸಿನಕಾಯಿ, ಕ್ಯಾರೆಟ್ಟು, ಹೂಕೋಸು, ಸೆಲರಿ ಎಲ್ಲ ಉಪ್ಪುನೀರಲ್ಲಿ ನೆನೆಸಿ, ವಿನಿಗರ್, ಎಣ್ಣೆ ಹುಯ್ದ ಉಪ್ಪಿನಕಾಯಿ. ಸಾಸಿವೆ, ಇಂಗು ಏನೂ ಇಲ್ಲ, ಆದರೂ ಎಸರಲ್ಲಿ ಅದ್ದಿದ ಬಾಡಿಗೆ ಆ ಹುಳಿ ಖಾರ ಹೇಳಿ ಮಾಡಿಸಿದ ಹಾಗಿದೆ. ಲಾಸ್ ಏಂಜಲೀಸಿನಲ್ಲೂ ಇಂಥದೇ ಒಂದಿದೆ, ಫ್ರೆಂಚ್ ಡಿಪ್ ಅಂತ. ಎರಡು ಅಂಗಡಿ, ಎರಡೂ 1908ರಲ್ಲಿ ಹುಟ್ಟಿದವು, ಮೊದಲು ಅದ್ದಿದ್ದು ನಾವೇ ಅಂತ ಎರಡೂ ಜಗಳ ಆಡಿದವು. ಖಾರದ ಉಪ್ಪಿನಕಾಯಿ ಇಲ್ಲದ ಆ ಸಪ್ಪೆ ಬಾಬತ್ತಿಗೆ ಯಾಕೆ ಜಗಳವೋ.

ಮೂಳೆ ಕುದೀತಿದ್ದಾಗ ವಾಸನೆ ಮೆಟ್ಟಿಲು ಹತ್ತಿ ಹೋಗಿತ್ತು. ಬಾಗಿಲು ಬಡಿದ ಶಬ್ದ ಕೇಳಿ ನನ್ನ ಕೈ ತಾನಾಗಿ ಒಲೆ ಆರಿಸಿತು. ಮೈಸೂರಿನ ಆ ರೂಮು ನೆನಪಾಯಿತು. ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಊದುಬತ್ತಿ ಹಚ್ಚಿ, ನೀನು ಊರಿಂದ ಒಣಗಿಸಿ ಕಳಿಸಿದ್ದ ಕೊರಬಾಡು ಬೇಯಿಸಿದ್ದೆ. ಓನರು ಮೂಸಿ ಕಂಡುಹಿಡಿದು, ತಿಂಗಳು ಮುಗಿಯೋ ಮುಂಚೆ ಖಾಲಿ ಮಾಡಿಸಿದ. ಅಡ್ವಾನ್ಸಿನಲ್ಲಿ ಸುಣ್ಣದ ಖರ್ಚು ಅಂತ ಎರಡು ಸಾವಿರ ಮುರಿದುಕೊಂಡ. ಇಲ್ಲಿ ಬಾಗಿಲು ತೆಗೆದರೆ ಮೇಲಿನ ಮನೆಯ ಹೆಂಗಸು. ಏನು ಬೇಯಿಸ್ತಿದ್ದೀಯಾ, ನಮ್ಮಮ್ಮನ ಅಡಿಗೆಮನೆ ವಾಸನೆ ಬಂತು ಅಂದಳು. ನಾನು ಒಲೆ ಮತ್ತೆ ಹಚ್ಚಿದೆ. ಭಾನುವಾರ ಊಟಕ್ಕೆ ಬಾ ಅಂದೆ, ಬಂದಳು. ಹೋಳು ದಪ್ಪ ಅಂತ ಮುಲಾಜಿಲ್ಲದೆ ಹೇಳಿ, ಎರಡು ತಿಂದು ಹೋದಳು.

ಮಿಕ್ಕ ಎಸರನ್ನ ಏನು ಮಾಡಿದೆ ಗೊತ್ತಾ? ಡೆವಾನ್ ಅವೆನ್ಯೂದ ನಮ್ಮವರ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತೆ. ಎತ್ತಿಟ್ಟ ಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ, ಅವ್ವನ ಖಾರದ ಪುಡಿ ಎರಡು ಚಮಚ ಹಾಕಿ ಎಸರು ಬಿಟ್ಟೆ. ಮುದ್ದೆ ಸ್ವಲ್ಪ ಗಂಟಾಯಿತು. ರೂಮಿನಲ್ಲಿರೋ ಮೆಕ್ಸಿಕೋದ ಹುಡುಗನಿಗೂ ಕೊಟ್ಟೆ. ಅವರ ಕಡೆಯೂ ಬಿರಿಯಾ ಅಂತ ಮಾಡ್ತಾರಂತೆ. ಮೊದಲೆಲ್ಲ ಆಡಿನ ಬಾಡಂತೆ, ಈಗ ದನದ್ದೂ ಉಂಟು. ಟಾಕೋ ರೊಟ್ಟಿಯನ್ನ ಅದರ ಎಸರಿಗೆ ಅದ್ದಿ ತಿಂತಾರಂತೆ. ಅದ್ದೋದು ಸಲೀಸಾಗಿ ಅದ್ದಿದ, ಆದರೆ ಮುದ್ದೆಯನ್ನ ಹತ್ತು ನಿಮಿಷ ಜಗಿದ. ನುಂಗು ಮಾರಾಯ ಅಂದರೆ ಹೆದರಿದ.

ಊರಲ್ಲಿ 2021ರ ಜನವರಿಯಲ್ಲಿ ದನ ಕೊಯ್ಯಬಾರದು ಅಂತ ಕಾನೂನು ಬಂದ ಮೇಲೆ, 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವುದೂ ಇಲ್ಲ. ನಮ್ಮ ಕಡೆಗೆ ಅದೂ ಬರಲ್ಲ. ಅವ್ವ ಕೋಳಿಗೆ ಇಳಿದಿದ್ದಾಳೆ, "ಎಸ್ರು ನೀರ್ ನೀರು" ಅಂತ ಪ್ರತಿ ಸಲ ಗೊಣಗ್ತಾಳೆ. ಒಲೆ ಮೇಲೆ ಕೊರಬಾಡು ನೇತುಹಾಕ್ತಿದ್ದ ಹಗ್ಗಕ್ಕೆ ಈಗ ನಿನ್ನ ಮಗಳ ಸ್ಕೂಲ್ ಯೂನಿಫಾರಂ ಒಣಗೋದನ್ನ ವಿಡಿಯೋದಲ್ಲಿ ನೋಡಿದೆ. ಇಷ್ಟೆಲ್ಲ ಬರೆದು ಅವಳ ಬಾಯಲ್ಲಿ ನೀರು ಬರಿಸ್ತಿದ್ದೀನೇನೋ ಅಂತ ಒಂದು ಸಲ ಪೆನ್ನು ಕೆಳಗಿಟ್ಟೆ. ಆದರೆ ಬನ್ನು ತಿಂದುಕೊಂಡಿದ್ದಾನೆ ಮಗ ಅಂತ ಅವಳು ಕೊರಗೋದಕ್ಕಿಂತ ಇದು ವಾಸಿ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹಿತ್ತಿಲ ಅಟ್ಟದ ಮೇಲೆ ಅಜ್ಜಿಯ ಕಾಲದ ಸಣ್ಣ ಈಳಿಗೆಮಣೆ ಇರಬೇಕು, ಹುಡುಕು. ಚೆಕ್-ಇನ್ ಪೆಟ್ಟಿಗೆಯಲ್ಲಿ ಅಲಗಿಗೆ ಗೋಣಿ ಸುತ್ತಿ ಹಾಕಿದರೆ ಬರುತ್ತೆ, ಬೇಸಿಗೆಗೆ ಬಂದಾಗ ಒಯ್ತೀನಿ. ಮಣೆ ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ಅಲಗು ಇದ್ದರೆ ಸಾಕು. ಮಣೆ ಇಲ್ಲೇ ಹೊಡೆಸಿಕೊಳ್ತೀನಿ. ಅವ್ವ ಕುಕ್ಕರಗಾಲಲ್ಲಿ ಕೂತಾಗ ಅವಳ ಮಣೆ ಎಷ್ಟು ಉದ್ದ, ಎಷ್ಟು ಅಗಲ, ಅಲಗು ಎಷ್ಟು ಬಾಗಿದೆ ಅಂತ ಟೇಪ್ ಹಿಡಿದು ಬರೆದು ಕಳಿಸು. ಕೇಳಿದರೆ ಯಾಕೆ ಅಂತ ಹೇಳಬೇಡ.

ಭಾವನಿಗೆ, ಪುಟ್ಟಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ತಮ್ಮ